ಬೆಟ್ಟದ ಮೇಲಿನ ಕಡಲ ದೇವರು

(ನಮ್ಮೂರಿನ ವಾಚನಾಲಯದಲ್ಲಿ ಆಡಿದ ಮಾತಿನ ಬರಹ ರೂಪ. ಮಾತು ಅಲ್ಲಲ್ಲಿ ದಾರಿ ಬಿಟ್ಟು ಹೋದದ್ದನ್ನು ತಿದ್ದಲು ಹೋಗಿಲ್ಲ.)

ಎಲ್ಲರಿಗೂ ನಮಸ್ಕಾರ. ಈ ಕಾರ್ಯಕ್ರಮದ ಕಾರ್ಡಿನಲ್ಲಿ ‘ಜಪಾನಿನ ಸಮುದ್ರ ದೇವರ ಸನ್ನಿಧಿಯಲ್ಲಿ’ ಎಂದು ಅಚ್ಚಾಗಿದೆ, ಪಕ್ಕದಲ್ಲಿ ನಾನೇ ತೆಗೆದ ಒಂದು ಫೋಟೋ ಇದೆ. ಕಾರ್ಡು ನೋಡಿದ ನನ್ನ ಅಕ್ಕ ಕೇಳಿದ ಮೊದಲ ಪ್ರಶ್ನೆ: “ಸಮುದ್ರ ಎಲ್ಲಿದ್ಯೋ? ಬರೀ ಮೆಟ್ಟಿಲು ಕಾಣ್ತದೆ!”

ಅವಳು ಕೇಳಿದ್ದು ಸರಿಯಾಗಿಯೇ ಇದೆ. ಜಪಾನಿನಲ್ಲಿ ಕಡಲಿಗೆ ಮುಖ ಮಾಡಿ ಕೂತ ದೇವರುಗಳಿಗೇನೂ ಕೊರತೆಯಿಲ್ಲ. ಒಸಾಕಾದ ಸುಮಿಯೋಶಿಯಲ್ಲಿ ನೀರಿನ ತಳ, ನಡು, ಮೇಲ್ಮೈ ಅಂತ ಮೂರು ದೇವರು ಒಬ್ಬರ ಹಿಂದೊಬ್ಬರು ಹಡಗಿನ ಸಾಲಿನ ಹಾಗೆ ಪಡುವಣಕ್ಕೆ ತಿರುಗಿ ಕೂತಿದ್ದಾರೆ. ಹಿರೋಶಿಮಾ ಹತ್ತಿರದ ಇತ್ಸುಕುಶಿಮಾದಲ್ಲಿ ಉಬ್ಬರ ಬಂದಾಗ ಕೆಂಪು ಹೆಬ್ಬಾಗಿಲು ನೀರಿನಲ್ಲೇ ನಿಲ್ಲುತ್ತದೆ. ಆ ಚಿತ್ರವನ್ನು ನೀವೆಲ್ಲ ಕ್ಯಾಲೆಂಡರಿನಲ್ಲಿ ನೋಡಿದ್ದೀರಿ. ನಾನು ಇವತ್ತು ಹೇಳಹೊರಟದ್ದು ಅವರ ಕಥೆಯಲ್ಲ. ಕಡಲಿನಿಂದ ಹತ್ತು ಕಿಲೋಮೀಟರಿಗೂ ಹೆಚ್ಚು ಒಳಗೆ, ಬೆಟ್ಟದ ಅರ್ಧ ಎತ್ತರದಲ್ಲಿ, ಕಾಡಿನ ನಡುವೆ ಕೂತು ಹಡಗು ಕಾಯುವ ಒಬ್ಬ ದೇವರಿದ್ದಾನೆ. ಜನ ಅವನನ್ನು ‘ಕೊಂಪಿರಾ-ಸಾನ್’ ಎನ್ನುತ್ತಾರೆ. ಸಾನ್ ಎಂದರೆ ನಮ್ಮ ‘ಅವರು’, ‘ಗಳು’ ಇದ್ದ ಹಾಗೆ, ಮರ್ಯಾದೆಯ ಬಾಲ. ನೆರೆಮನೆಯವರನ್ನು ಕರೆಯುವಾಗಲೂ ಅದೇ ಬಾಲ.

ಜಪಾನಿನ ನಾಲ್ಕು ಮುಖ್ಯ ದ್ವೀಪಗಳಲ್ಲಿ ತೀರ ಚಿಕ್ಕದು ಶಿಕೊಕು. ಅದರ ಬಡಗು ಅಂಚಿನಲ್ಲಿ ಕಾಗಾವಾ ಪ್ರಾಂತ, ಹಳೆಯ ಹೆಸರು ಸಾನುಕಿ. ಅಲ್ಲಿ ಕೊತೊಹಿರಾ ಎಂಬ ಸಣ್ಣ ಊರು. ದೇಗುಲದ ಅಧಿಕೃತ ಹೆಸರು ಕೊತೊಹಿರಾ-ಗೂ. ನಾನು ಕೆಲಸದ ಮೇಲೆ ಎರಡು ವರ್ಷ ಒಸಾಕಾದಲ್ಲಿದ್ದಾಗ ನನ್ನ ಜೊತೆ ಕೆಲಸ ಮಾಡುತ್ತಿದ್ದ ಗೆಳೆಯ ಆ ಕಡೆಯವನು. ಒಂದು ರಜೆಯಲ್ಲಿ ಊರಿಗೆ ಹೊರಟವನು ನನ್ನನ್ನೂ ಕರೆದುಕೊಂಡು ಹೋದ. ತಾಕಾಮಾತ್ಸು ನಗರದಿಂದ ಗದ್ದೆಗಳ ನಡುವೆ ಒಂದು ಗಂಟೆ ಸಾಗುವ ಪುಟ್ಟ ರೈಲು. ಅದರಲ್ಲಿ ಅವನು ಇದ್ದಕ್ಕಿದ್ದ ಹಾಗೆ, “ಕೊಂಪಿರಾ-ಸಾನ್ ಮೂಲತಃ ನಿಮ್ಮ ಕಡೆಯವರಲ್ಲವೇ?” ಎಂದ. ಹಾಗೊಬ್ಬ ದೇವರು ನಮ್ಮಲ್ಲಿಲ್ಲ ಮಾರಾಯ, ಎಂದೆ. “ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಇಂದೊದಲ್ಲಿ ಕುಂಬೀರಾ ಅಂತ.” ಇಂದೊ ಎಂದರೆ ಇಂಡಿಯಾ.

ಕುಂಭೀರ! ಚಿಕ್ಕಂದಿನಲ್ಲಿ ಅಜ್ಜ ಬಾಯಿಪಾಠ ಮಾಡಿಸಿದ್ದ ಅಮರಕೋಶದಲ್ಲಿ ನಕ್ರದ ಇನ್ನೊಂದು ಹೆಸರು ಅದು. ಮೊಸಳೆ. (ಅದರ ಬೆನ್ನಿಗೇ ಎರೆಹುಳುವಿನ ಹೆಸರು ಬರುತ್ತದೆ, ಅಮರಸಿಂಹನಿಗೆ ನೀರಿನ ಪ್ರಾಣಿಗಳಲ್ಲಿ ಮೇಲುಕೀಳು ಇರಲಿಲ್ಲ.) ಜಪಾನಿನಲ್ಲಿ ಕಾಡು ಮೊಸಳೆಯೇ ಇಲ್ಲ. ಒಂದು ಮೊಸಳೆಯೂ ಇಲ್ಲದ ದೇಶದ ಖಲಾಸಿಗಳು ನೂರಾರು ವರ್ಷ ಬಿರುಗಾಳಿಯಲ್ಲಿ ಮೊಸಳೆಯ ಹೆಸರು ಕೂಗಿ ಜೀವ ಉಳಿಸಿಕೊಂಡಿದ್ದಾರೆ. ಆ ರೈಲಿನಲ್ಲಿ ಅಂಟಿದ ಕುತೂಹಲ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಹೆಸರು ಹೋದ ದಾರಿ ಸ್ಥೂಲವಾಗಿ ಹೀಗೆ. ಬೌದ್ಧರ ಪಾಲಿ ಗ್ರಂಥಗಳಲ್ಲಿ ಕುಂಭೀರ ಎಂಬ ಒಬ್ಬ ಯಕ್ಷ ಬರುತ್ತಾನೆ, ರಾಜಗೃಹದ ವಿಪುಲ ಬೆಟ್ಟದಲ್ಲಿ ವಾಸ. ಮುಂದೆ ಭೈಷಜ್ಯಗುರು ಬುದ್ಧನ ಹನ್ನೆರಡು ಯಕ್ಷ ಸೇನಾಪತಿಗಳಲ್ಲಿ ಅವನೂ ಒಬ್ಬ. ಗ್ರಂಥಗಳನ್ನು ಚೀನೀ ಭಾಷೆಗೆ ತಂದವರು ಅರ್ಥಕ್ಕೆ ಹೋಗದೆ ಕಿವಿಗೆ ಹತ್ತಿರದ ಅಕ್ಷರಗಳನ್ನು ಜೋಡಿಸಿದರು. ಅದನ್ನು ಜಪಾನಿನವರು ಓದಿದಾಗ ‘ಕೊಂಪಿರಾ’ ಆಯಿತು. ಕುಂಭೀರ, ಕೊಂಪಿರಾ. ನೀವೇ ಎರಡು ಸಲ ಹೇಳಿ ನೋಡಿ. ಅಷ್ಟು ದೂರ ದಾಟಿಯೂ ಸವೆದದ್ದು ಕಡಿಮೆ.

ಬೆಟ್ಟದ ಹೆಸರು ಝೋಝು-ಸಾನ್. ಇಲ್ಲಿನ ಸಾನ್ ಬೇರೆ, ಬೆಟ್ಟ ಎಂದರ್ಥ. ಝೋಝು ಎಂದರೆ ಆನೆಯ ತಲೆ. ದೂರದಿಂದ ನೋಡಿದರೆ ಕಾಡು ತುಂಬಿದ ಆ ಬೆಟ್ಟ ಮಲಗಿದ ಆನೆಯ ಹಾಗೇ ಕಾಣುತ್ತದೆ, ಅದು ನಿಜ. ಆದರೆ ಗಯೆಯ ಹತ್ತಿರದ ಗಯಾಶೀರ್ಷ ಬೆಟ್ಟದ ಹೆಸರನ್ನು ಚೀನೀ ಅನುವಾದಕರು ‘ಗಜ’ ಎಂದು ತಿಳಿದು ‘ಆನೆತಲೆಯ ಬೆಟ್ಟ’ ಎಂದೇ ಬರೆದಿದ್ದರು, ಅದೇ ಅಕ್ಷರಗಳಲ್ಲಿ. ಮೊಸಳೆಯೂ ಬಂತು, ಆನೆಯೂ ಬಂತು. ಎರಡೂ ಇಲ್ಲದ ನಾಡಿನಲ್ಲಿ ಎರಡೂ ಒಂದೇ ಬೆಟ್ಟದಲ್ಲಿ ಸೇರಿದವು. ನಮ್ಮ ಗಜೇಂದ್ರಮೋಕ್ಷ ನೆನಪಾಗಿ ನಾನು ನಕ್ಕೆ. ಗೆಳೆಯನಿಗೆ ಆ ಕಥೆ ಹೇಳಿದೆ, “ಹಾಗಾದರೆ ಮೊಸಳೆ ಸೋತಿತಾ?” ಎಂದು ಕೊಂಚ ಬೇಸರದಿಂದಲೇ ಕೇಳಿದ.

ಇನ್ನು ಬೆಟ್ಟದ ಮೇಲೆ ಕೂತವನು ಕಡಲಿಗೆ ಹೇಗೆ ಸಂಬಂಧಪಟ್ಟ? ಇದನ್ನು ಬೆಂಗಳೂರಿನವರಿಗೆ ವಿವರಿಸಬೇಕಾಗುತ್ತದೆ. ನಿಮಗೆ ಬೇಡ. ಜಿಪಿಎಸ್ ಬರುವ ಮೊದಲು ಇಲ್ಲಿನ ಹಿರಿಯರು ಬಲೆ ಬಿಡುವ ಜಾಗ ಹಿಡಿಯುತ್ತಿದ್ದದ್ದು ಹೇಗೆ? ದಡದ ಯಾವ ತೆಂಗಿನ ತೋಪಿನ ಮೇಲೆ ಹಿಂದಿನ ಯಾವ ಗುಡ್ಡ ಬಂತು ಎಂದು ನೋಡಿ. ಸೆತೊ ಎಂಬ ಒಳಗಡಲಿನಲ್ಲಿ ಏಳುನೂರಕ್ಕೂ ಹೆಚ್ಚು ದ್ವೀಪಗಳಿವೆ. ಇಕ್ಕಟ್ಟಾದ ಕಂಡಿಗಳಲ್ಲಿ ಉಬ್ಬರವಿಳಿತದ ಸೆಳೆತ ಹೊಳೆಯ ಪ್ರವಾಹದ ಹಾಗೆ ಹರಿಯುತ್ತದೆ. ಅಲ್ಲಿ ದಾರಿ ತಪ್ಪಿದ ದೋಣಿಯವನಿಗೆ ಬಯಲಿನಾಚೆ ಎದ್ದು ಕಾಣುವ ಆನೆತಲೆ ಬೆಟ್ಟವೇ ಗುರುತು. ಕೈ ಮುಗಿಯಲು ಅದಕ್ಕಿಂತ ಬೇರೆ ಕಾರಣ ಬೇಕೇ? ಆ ದಡದೆದುರಿನ ಶಿವಾಕು ದ್ವೀಪಗಳ ಖಲಾಸಿಗಳು ಜಪಾನಿಗೇ ಹೆಸರಾದವರು. 1860ರಲ್ಲಿ ಕಾನ್‌ರಿನ್-ಮಾರು ಎಂಬ ಹಡಗು ಶಾಂತಸಾಗರ ದಾಟಿ ಅಮೆರಿಕಕ್ಕೆ ಹೋದಾಗ ಅದರ ಖಲಾಸಿಗಳಲ್ಲಿ ಹೆಚ್ಚಿನವರು ಶಿವಾಕುದವರೇ. ಇಂಥವರು ಸರಕಿನ ಜೊತೆ ಕೊಂಪಿರಾನ ಹೆಸರನ್ನೂ ಬಂದರಿನಿಂದ ಬಂದರಿಗೆ ಒಯ್ದರು. ಬೆಟ್ಟದಲ್ಲಿ ಅವನಿಗೆ ಗುಡಿ ಕಟ್ಟಿದ ಲಿಖಿತ ಗುರುತು ಸಿಗುವುದು 1573ರದ್ದು. ಎದೊ ಕಾಲದ ಹೊತ್ತಿಗೆ, ಎಂದರೆ ಮುಂದಿನ ಇನ್ನೂರು ಮುನ್ನೂರು ವರ್ಷಗಳಲ್ಲಿ, ಜೀವಮಾನದಲ್ಲಿ ಒಮ್ಮೆಯಾದರೂ ಇಸೆಗೆ ಹೋಗಬೇಕು, ಕೊಂಪಿರಾಗೂ ಹೋಗಬೇಕು ಎನ್ನುವ ಮಟ್ಟಿಗೆ ಬಂತು. ನಮ್ಮಲ್ಲಿ ಕಾಶಿ ರಾಮೇಶ್ವರ ಇದ್ದ ಹಾಗೆ.

ಈಗ ಮೆಟ್ಟಿಲು. ಮುಖ್ಯ ಗುಡಿಯವರೆಗೆ 785. ಬುಡದ ಅಂಗಡಿಗಳಲ್ಲಿ ಬಿದಿರಿನ ಊರುಗೋಲು ಸಿಗುತ್ತದೆ, ಇಳಿದು ಬಂದ ಮೇಲೆ ವಾಪಸು ಕೊಡಬೇಕು. ನಾನು ಜಂಬದಿಂದ ಬೇಡ ಎಂದೆ. ಇನ್ನೂರನೆಯ ಮೆಟ್ಟಿಲಿನಲ್ಲಿ ಪಶ್ಚಾತ್ತಾಪ ಶುರುವಾಯಿತು. ಎಂಬತ್ತರ ಅಜ್ಜಿಯೊಬ್ಬರು ಕೋಲೂರಿಕೊಂಡು ನನ್ನನ್ನು ಹಿಂದೆ ಹಾಕಿ, ತಿರುಗಿ ನೋಡಿ, ಒಂದು ಮಾತೂ ಆಡದೆ ಮುಂದೆ ಹೋದರು.

ಮೆಟ್ಟಿಲ ಲೆಕ್ಕದಲ್ಲೇ ಒಂದು ತಮಾಷೆಯಿದೆ. ಹತ್ತುವ ಮೆಟ್ಟಿಲು ನಿಜವಾಗಿ 786. ಜಪಾನಿಯಲ್ಲಿ ಏಳು, ಎಂಟು, ಆರನ್ನು ಚುಟುಕಾಗಿ ನಾ-ಯಾ-ಮು ಎಂದು ಓದಬಹುದು. ‘ನಾಯಾಮು’ ಎಂದರೆ ಸಂಕಟಪಡು. ಸಂಕಟ ಕಳೆಯಲು ಬಂದವರನ್ನು ಸಂಕಟದ ಸಂಖ್ಯೆ ಹತ್ತಿಸುವುದೇ? ಅದಕ್ಕೆ ದಾರಿಯಲ್ಲಿ ಒಂದೆಡೆ ಒಂದೇ ಒಂದು ಮೆಟ್ಟಿಲು ಕೆಳಗಿಳಿಯುವಂತೆ ಇದೆ. ಕಳೆದರೆ 785. ಈ ವಿವರಣೆ ಆಮೇಲೆ ಯಾರೋ ಹುಟ್ಟಿಸಿದ್ದು ಇರಬಹುದು ಎಂದು ನನಗನ್ನಿಸುತ್ತದೆ. ಆದರೂ ಆ ಒಂದು ಮೆಟ್ಟಿಲು ಇಳಿಯುವಾಗ ಎಲ್ಲರ ಮುಖದಲ್ಲೂ ಒಂದು ನಗು ಬರುತ್ತದೆ.

365ನೆಯ ಮೆಟ್ಟಿಲಿನಲ್ಲಿ ಹೆಬ್ಬಾಗಿಲು. ಅದನ್ನು ದಾಟಿದರೆ ದೇವರ ಆವರಣ, ಒಳಗೆ ವ್ಯಾಪಾರ ನಿಷಿದ್ಧ. ಆದರೆ ದಾಟಿದ ಕೂಡಲೇ ಐದು ದೊಡ್ಡ ಬಿಳಿ ಕೊಡೆಗಳು, ಕೆಳಗೆ ಮಿಠಾಯಿ ಮಾರುವವರು! ಇವರು ‘ಗೊನಿನ್ ಬ್ಯಾಕುಶೋ’, ಅಂದರೆ ಐದು ಒಕ್ಕಲಿನವರು. ದೇವರ ಸೇವೆಯಲ್ಲಿ ಹಿಂದಿನಿಂದ ಪಾಲುಳ್ಳ ಐದು ಮನೆತನಗಳಿಗೆ ಮಾತ್ರ ಒಳಗೆ ಮಾರುವ ಹಕ್ಕು. ಮಾರುವುದೂ ಒಂದೇ ಸರಕು: ಯುಝು ಎಂಬ ಗಜನಿಂಬೆಯಂಥ ಹಣ್ಣಿನ ಘಮದ, ಬೀಸಣಿಗೆಯಾಕಾರದ ಹಳದಿ ಮಿಠಾಯಿ. ಜೊತೆಗೆ ಬೆರಳುದ್ದದ ಒಂದು ಸುತ್ತಿಗೆ. ಮನೆಗೊಯ್ದು ಒಡೆದು ಹಂಚಬೇಕು. ನಮ್ಮ ದೇವಸ್ಥಾನಗಳ ಬಾಬುದಾರರು, ಉಂಬಳಿ, ಹಕ್ಕು, ಕೋರ್ಟು ಕಚೇರಿ ಎಲ್ಲ ಬಲ್ಲ ನನಗೆ ಈ ಏರ್ಪಾಡು ತೀರ ಮನೆಯದೇ ಅನ್ನಿಸಿತು.

ಅಲ್ಲಿಂದ ಮೇಲೆ ದಾರಿ ಸ್ವಲ್ಪ ಸಪಾಟು. ಒಂದು ತಿರುವಿನಲ್ಲಿ ಹಡಗಿನ ಪ್ರೊಪೆಲ್ಲರ್ ನಿಲ್ಲಿಸಿದ್ದಾರೆ, ಮೂರಾಳಿಗಿಂತ ಎತ್ತರ, ಚಿನ್ನದ ಬಣ್ಣ. ಇಮಾಬಾರಿ ಹಡಗು ಕಾರ್ಖಾನೆಯವರು 1994ರಲ್ಲಿ ಒಪ್ಪಿಸಿದ ಹರಕೆ. ಇನ್ನೊಂದು ಕಡೆ ಕೊರಳಲ್ಲಿ ಚೀಲ ತೂಗಿಕೊಂಡ ನಾಯಿಯ ಪ್ರತಿಮೆ. ನನಗೆ ಇಡೀ ಬೆಟ್ಟದಲ್ಲಿ ತುಂಬ ಇಷ್ಟವಾದದ್ದು ಈ ನಾಯಿ. ಎದೊ ಕಾಲದಲ್ಲಿ ಯಾತ್ರೆಗೆ ಹೋಗಲಾಗದವರು, ಕಾಯಿಲೆಯವರು, ತಮ್ಮ ಬದಲಿಗೆ ನಾಯಿಯನ್ನು ಕಳಿಸುತ್ತಿದ್ದರು. ಕೊರಳಿನ ಚೀಲದ ಮೇಲೆ ‘ಕೊಂಪಿರಾ ಯಾತ್ರೆ’ ಎಂಬ ಬರಹ, ಒಳಗೆ ಯಜಮಾನನ ಹೆಸರು, ಕಾಣಿಕೆ ದುಡ್ಡು, ದಾರಿಯ ಊಟದ ಖರ್ಚು. ಆ ಕಡೆ ಹೋಗುವ ಯಾತ್ರಿಕರು ಒಬ್ಬರಿಂದೊಬ್ಬರು ನಾಯಿಯನ್ನು ಮುಂದೆ ಮುಂದೆ ಕರೆದೊಯ್ಯುತ್ತಿದ್ದರು, ಅನ್ನ ಹಾಕಿ ಚೀಲದಿಂದ ಅಷ್ಟೇ ಕಾಸು ತೆಗೆದುಕೊಳ್ಳುತ್ತಿದ್ದರು. ನಾಯಿ ದೇವರ ಮುಂದೆ ನಿಂತು, ಹಾಗೆಯೇ ಮನೆಗೆ ಮರಳುತ್ತಿತ್ತು.

ಹಡಗಿನವರದೂ ಇದೇ ನಂಬಿಕೆ. ಬೆಟ್ಟ ಹತ್ತಲು ಪುರುಸೊತ್ತಿಲ್ಲದೆ ದೂರದಲ್ಲಿ ಹಾದುಹೋಗುವ ಹಡಗಿನವರು ಒಂದು ಸಣ್ಣ ಮರದ ಪೀಪಾಯಿಯಲ್ಲಿ ಕಾಣಿಕೆಯಿಟ್ಟು, ದೇವರ ಹೆಸರಿನ ಬಾವುಟ ಸಿಕ್ಕಿಸಿ ನೀರಿಗೆ ಬಿಡುತ್ತಾರೆ. ಸಿಕ್ಕಿದ ಮೀನುಗಾರ ಅದನ್ನು ದಡಕ್ಕೆ ತಂದು ದೇವಸ್ಥಾನಕ್ಕೆ ಮುಟ್ಟಿಸಬೇಕು. ಮುಟ್ಟಿಸಿದವನಿಗೂ ಅಷ್ಟೇ ಪುಣ್ಯ. ಇದು ನಿಂತುಹೋದ ಪದ್ಧತಿಯಲ್ಲ. ಜಪಾನಿನ ನೌಕಾಪಡೆಯ ಹಡಗುಗಳೂ ಇಂಥ ಪೀಪಾಯಿ ಬಿಡುತ್ತವೆ.

(ಇಲ್ಲಿ ಹಿಂದಿನ ಸಾಲಿನಿಂದ ಹಿರಿಯರೊಬ್ಬರು, “ಹ್ವಾಯ್, ಅದ್ರಗಿಪ್ಪು ದುಡ್ಡ್ ಯಾರೂ ತಕಂಬುದಿಲ್ಯಾ?” ಎಂದು ಕೇಳಿದರು. ಸಭೆ ನಕ್ಕಿತು.)

ನಾನೂ ಇದೇ ಪ್ರಶ್ನೆ ಕೇಳಿದೆ ರಾಯರೆ. ಗೆಳೆಯ ಹೇಳಿದ: “ತೆಗೆದುಕೊಂಡವನು ಮಾರನೆಯ ದಿನ ಅದೇ ಕಡಲಿಗೆ ಹೋಗಬೇಕಲ್ಲ.” ನಮ್ಮಲ್ಲೂ ನೂಲ ಹುಣ್ಣಿಮೆಗೆ ಹಾಲು ಕಾಯಿ ಬಿಟ್ಟ ಮೇಲೆ ಆ ಕಾಯಿಯನ್ನು ಹೆಕ್ಕಿ ಪದಾರ್ಥ ಮಾಡಿದವರನ್ನು ನಾನು ಕಂಡಿಲ್ಲ. ನೀವು ಕಂಡಿದ್ದರೆ ಹೇಳಬೇಡಿ.

628ನೆಯ ಮೆಟ್ಟಿಲಿನಲ್ಲಿ ಅಸಾಹಿ-ಶಾ ಎಂಬ ಭವ್ಯ ಕಟ್ಟಡ. ತಾಮ್ರದ ಮಾಡು, ಮೈತುಂಬ ಕೆತ್ತನೆ, 1837ರಲ್ಲಿ ಮುಗಿದದ್ದು. ಇದೇ ಮುಖ್ಯ ಗುಡಿ ಎಂದುಕೊಂಡು ಕೈಮುಗಿದು ಇಲ್ಲಿಂದಲೇ ಇಳಿದುಹೋದ ಒಬ್ಬ ದಡ್ಡ ಯಾತ್ರಿಕನ ಕಥೆ ಜಪಾನಿನಲ್ಲೆಲ್ಲ ಪ್ರಸಿದ್ಧ. ಅದಕ್ಕೆ ನಾನು ಅವನನ್ನು ದೂರುವುದಿಲ್ಲ. ಮೊದಲು ಇದು ಬೌದ್ಧರ ಭೈಷಜ್ಯಗುರುವಿನ ಗುಡಿಯೇ ಆಗಿತ್ತು. ಆಗಲೇ ಹೇಳಿದೆನಲ್ಲ, ಕುಂಭೀರ ಯಾರ ಸೇನಾಪತಿ ಎಂದು? ಅವನ ಒಡೆಯ ಇಲ್ಲಿದ್ದ. ಈಗಿಲ್ಲ.

ಏಕಿಲ್ಲ ಎನ್ನುವುದಕ್ಕೆ 1868ಕ್ಕೆ ಹೋಗಬೇಕು. ಅಲ್ಲಿಯವರೆಗೆ ಈ ಬೆಟ್ಟದಲ್ಲಿ ಬುದ್ಧನೂ ನಾಡ ದೇವರುಗಳೂ ಒಟ್ಟಿಗೇ ಇದ್ದರು. ದೇವರ ಹೆಸರು ಕೊಂಪಿರಾ ದೈಗೊಂಗೆನ್, ನೋಡಿಕೊಳ್ಳುತ್ತಿದ್ದದ್ದು ಬೌದ್ಧ ಮಠ. ಧರ್ಮಸ್ಥಳದಲ್ಲಿ ಮಂಜುನಾಥನ ಪಕ್ಕ ಚಂದ್ರನಾಥ ಬಸದಿ ನೋಡಿ ಬೆಳೆದ ನಮಗೆ ಇದೇನೂ ವಿಚಿತ್ರವಲ್ಲ. ಮೇಜಿ ಚಕ್ರವರ್ತಿಯ ಹೊಸ ಸರ್ಕಾರ ಬಂದ ಕೂಡಲೇ ಬುದ್ಧನೂ ಶಿಂತೊ, ಎಂದರೆ ನಾಡಿನ ಮೂಲ ಧರ್ಮದ, ದೇವರೂ ಬೇರೆ ಬೇರೆಯಾಗಬೇಕೆಂದು ಆಜ್ಞೆ ಹೊರಡಿಸಿತು. ಕೊಂಪಿರಾ ಯಾರ ಪಾಲಿಗೆ? ಹೆಸರು ಹಿಂದೂದೇಶದ್ದು, ಬಂದದ್ದು ಬೌದ್ಧರ ಜೊತೆ. ಆದರೆ ಅದಕ್ಕೂ ಮೊದಲೇ ಹಿರಾತಾ ಅತ್ಸುತಾನೆ ಎಂಬ ಪಂಡಿತ, ಕೊಂಪಿರಾ ನಿಜವಾಗಿ ನಮ್ಮದೇ ಓಮೊನೊನುಶಿ ದೇವರು ಎಂದು ವಾದಿಸಿದ್ದ. 712ರ ಕೊಜಿಕಿ ಗ್ರಂಥದಲ್ಲಿ ಕಡಲನ್ನೇ ಬೆಳಗುತ್ತ ತೇಲಿ ಬಂದ ಒಬ್ಬ ದೇವರ ಪ್ರಸಂಗವಿದೆ, ಅವನೇ ಇವನು. ಆ ವಾದ ಈಗ ಕೆಲಸಕ್ಕೆ ಬಂತು. ದೇವರು ಓಮೊನೊನುಶಿಯಾದ, ಕ್ಷೇತ್ರ ಕೊತೊಹಿರಾ ಆಯಿತು. ದೇಶಭ್ರಷ್ಟನಾಗಿ ಇದೇ ಸಾನುಕಿಯಲ್ಲಿ 1164ರಲ್ಲಿ ಸತ್ತ ಸುತೊಕು ಚಕ್ರವರ್ತಿ ಮೊದಲಿನಿಂದಲೂ ಜೊತೆಗಿದ್ದ, ಅವನು ಉಳಿದ. ಮೊಸಳೆ ಮಾತ್ರ ಕಡತದಿಂದ ಹೊರಬಿತ್ತು.

ಇದರಲ್ಲೊಂದು ಅಡ್ಡಮಾತು. ಓಮೊನೊನುಶಿಗೆ ಓಕುನಿನುಶಿ ಎಂಬ ದೇವರ ಜೊತೆ ನಂಟು, ಇಬ್ಬರೂ ಒಬ್ಬನೇ ಎನ್ನುವ ಪಾಠವೂ ಇದೆ. ಆ ಓಕುನಿನುಶಿ, ಚರ್ಮ ಸುಲಿಸಿಕೊಂಡು ಬಿದ್ದಿದ್ದ ಮೊಲವನ್ನು ಬದುಕಿಸಿದವನು. ಮೊಲದ ಚರ್ಮ ಸುಲಿದವರು ಯಾರು? ಕಡಲ ‘ವಾನಿ’ಗಳು. ಹಳೆಯ ಕಥೆಯ ವಾನಿ ಬಹುಶಃ ತಾಟೆ ಮೀನು, ಎಂದರೆ ಶಾರ್ಕು. ಆದರೆ ಇಂದಿನ ಜಪಾನಿಯಲ್ಲಿ ವಾನಿ ಎಂದರೆ ಮೊಸಳೆ! ಬಾಗಿಲಲ್ಲಿ ಓಡಿಸಿದ್ದು ಕಿಟಕಿಯಲ್ಲಿ ಬಂದು ಕೂತಿದೆ.

ಮಠದ ಮುಖ್ಯಸ್ಥನಾಗಿದ್ದ ಭಿಕ್ಷು ಆ ವರ್ಷ ಕಾವಿ ಬಿಟ್ಟು, ಕೊತೊವೊಕಾ ಹಿರೊತ್ಸುನೆ ಎಂದು ಹೆಸರು ಬದಲಿಸಿಕೊಂಡು ಶಿಂತೊ ಅರ್ಚಕನಾದ. ಇದನ್ನು ಓದಿದಾಗ ನನಗೆ ಮೊದಲು ಅವನ ಮೇಲೆ ಅಸಮಾಧಾನವೇ ಆಯಿತು, ಸುಳ್ಳೇಕೆ ಹೇಳಲಿ. ಗಾಳಿ ಬಂದ ಕಡೆ ತೂರಿಕೊಂಡ ಎಂದುಕೊಂಡೆ. ಆದರೆ 1889ರಲ್ಲಿ ಅದೇ ಮನುಷ್ಯ, ಒಡೆದ ಹಡಗಿನವರನ್ನು ಉಳಿಸಲು ಜಪಾನಿನ ಮೊದಲ ಜಲರಕ್ಷಣಾ ಸಂಘ ಕಟ್ಟಿದ. ಹಡಗಿನವರ ಹರಕೆ ತೆಗೆದುಕೊಳ್ಳುವ ದೇವರ ಅರ್ಚಕ, ಪೂಜೆಯಷ್ಟೇ ಸಾಲದು, ದೋಣಿ ಬೇಕು, ಹಗ್ಗ ಬೇಕು, ಈಜು ಬಲ್ಲ ಹತ್ತು ಜನ ಬೇಕು ಎಂದು ಹೊರಟದ್ದು. ಆ ಸಂಘ ಇವತ್ತಿಗೂ ಇದೆ. ನನ್ನ ಅಸಮಾಧಾನ ಪೂರ್ತಿ ಹೋಗಿಲ್ಲ, ಅರ್ಧ ಹೋಗಿದೆ.

ಕಡೆಯ ಕಡಿದಾದ ಮೆಟ್ಟಿಲು ಮುಗಿಸಿ ಗುಡಿಯೆದುರು ನಿಂತಾಗ ಉಸಿರೇ ಇರಲಿಲ್ಲ. ಸಮುದ್ರ ಮಟ್ಟದಿಂದ 251 ಮೀಟರ್ ಎತ್ತರ. ಗುಡಿ ಬಣ್ಣವಿಲ್ಲದ ಮರದ್ದು, ದಪ್ಪ ತೊಗಟೆಯ ಮಾಡು. ಬಾವಿಕಟ್ಟೆಯಂಥ ನೀರಿನ ತೊಟ್ಟಿಯಲ್ಲಿ ಕೈ ಬಾಯಿ ತೊಳೆದಾಗಿತ್ತು. ಕಾಸು ಹಾಕಿ ಎರಡು ಸಲ ಬಾಗಬೇಕು, ಎರಡು ಚಪ್ಪಾಳೆ, ಮತ್ತೊಂದು ಸಲ ಬಾಗಬೇಕು. ಅಷ್ಟೇ. ಮೂರ್ತಿ ಕಾಣುವುದಿಲ್ಲ, ಮಂಗಳಾರತಿ ಇಲ್ಲ. ನಾನು ಅಭ್ಯಾಸಬಲದಿಂದ ಪ್ರದಕ್ಷಿಣೆಗೆ ಹೊರಟು ಬೇಲಿಗೆ ಮುಖ ಕೊಟ್ಟು ನಿಂತೆ. ಗೆಳೆಯ ಸದ್ದಿಲ್ಲದೆ ತೋಳು ಹಿಡಿದು ತಿರುಗಿಸಿದ.

ತಿರುಗಿದಾಗ ಎದುರಿಗೆ ಸಾನುಕಿ ಬಯಲು, ಬೋರಲು ಹಾಕಿದ ಬಟ್ಟಲಿನಂಥ ಇಇನೊ ಗುಡ್ಡ, ಅದರಾಚೆ ಮಬ್ಬಿನಲ್ಲಿ ಸೆತೊ ಸೇತುವೆಯ ಗೋಪುರಗಳು. ಅಕ್ಕ ಕೇಳಿದ ಸಮುದ್ರ ಅಲ್ಲಿತ್ತು. ಒಂದು ಬೂದು ಗೆರೆಯಷ್ಟೇ, ಫೋಟೋಕ್ಕೆ ಸಿಗಲಿಲ್ಲ.

ಪಕ್ಕದ ಹರಕೆ ಮಂಟಪದ ಗೋಡೆ ತುಂಬ ಹಡಗುಗಳ ಚಿತ್ರ. ಹಾಯಿ ಹಡಗು, ಉಗಿ ಹಡಗು, ಟ್ಯಾಂಕರು, ಮೀನಿನ ಬೋಟು. ಹೊರಿಯೆ ಕೆನಿಚಿ ಎಂಬ ಸಾಹಸಿ 1996ರಲ್ಲಿ ಒಬ್ಬನೇ ಶಾಂತಸಾಗರ ದಾಟಿದ, ಬಿಯರ್ ಡಬ್ಬಿಗಳ ಅಲ್ಯುಮಿನಿಯಂ ಕರಗಿಸಿ ಮಾಡಿದ ಸೌರಶಕ್ತಿಯ ದೋಣಿಯೂ ಅಲ್ಲೇ ಕೂತಿದೆ. ಜಪಾನಿನ ಮೊದಲ ಗಗನಯಾತ್ರಿ ಅಕಿಯಾಮಾ ತೊಯೊಹಿರೊ ಅವರ ಹರಕೆ ಫಲಕವೂ ಇದೆ. ಬಾಹ್ಯಾಕಾಶಕ್ಕೆ ಹೋಗುವುದೂ ಹಡಗಿನಲ್ಲೇ ತಾನೇ ಎಂಬ ಲೆಕ್ಕ.

ಅಲ್ಲಿ ಒಂದು ಗಂಟೆ ಕೂತಿದ್ದೆ. ಬಂದವರ ಬಾಯಲ್ಲಿ ಒಂದು ಸಲವೂ ‘ಓಮೊನೊನುಶಿ’ ಕೇಳಲಿಲ್ಲ. ಮಗುವಿಗೆ ತಾಯಿ ಹೇಳಿದ್ದೂ ‘ಕೊಂಪಿರಾ-ಸಾನ್‌ಗೆ ಕೈ ಮುಗಿ’ ಎಂದೇ. ಆಜ್ಞೆ ಹೊರಟು ನೂರೈವತ್ತು ವರ್ಷದ ಮೇಲಾಯಿತು.

ಇನ್ನೂ 583 ಮೆಟ್ಟಿಲು ಹತ್ತಿದರೆ ಒಳಗುಡಿ, ಒಟ್ಟು 1368. ಹೋಗಿ ಬಂದೆ. ಬಂಡೆಗೋಡೆಯಲ್ಲಿ ‘ತೆನ್‌ಗು’ ಎಂಬ ಉದ್ದ ಮೂಗಿನ ಭೂತದ ಮುಖ ಕೆತ್ತಿದ್ದಾರೆ. ಅದರ ಕಥೆ ಬೇರೆಯೇ, ಇನ್ನೊಂದು ದಿನ ಹೇಳುತ್ತೇನೆ, ಆಗಲೇ ಚಹಾದ ಪಾತ್ರೆಯ ಸದ್ದು ಕೇಳುತ್ತಿದೆ.

ಆ ಐದು ಕೊಡೆಯ ಮಿಠಾಯಿ ಎಂದೆನಲ್ಲ? ಕಳೆದ ತಿಂಗಳು ಗೆಳೆಯ ಅಂಚೆಯಲ್ಲಿ ಒಂದು ಕಟ್ಟು ಕಳಿಸಿದ್ದಾನೆ, ಸುತ್ತಿಗೆ ಸಮೇತ. ಇಲ್ಲಿನ ಸೆಕೆಗೆ ಸ್ವಲ್ಪ ಅಂಟಿಕೊಂಡಿದೆ, ಸಮನಾಗಿ ಒಡೆಯುವುದಿಲ್ಲ. ಪೀಪಾಯಿ ದುಡ್ಡಿನ ಪ್ರಶ್ನೆ ಕೇಳಿದ ರಾಯರು ಮೊದಲು ಬನ್ನಿ, ಸುತ್ತಿಗೆ ನಿಮ್ಮ ಕೈಗೇ ಕೊಡುತ್ತೇನೆ.